ಮೂವತ್ತೇ ಹಕ್ಕಿ ಗೊತ್ತಿದ್ದವರು ಹಕ್ಕಿ ಎಣಿಕೆಗೆ ಹೋಗಬಹುದೇ?

ಪ್ರಶ್ನೆ: ನಾನು ಸೇಡಂ ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ದಸರಾ ಕಳೆದ ಮೇಲೆ ನಮ್ಮ ಭಾಗದಲ್ಲಿ ಸ್ವಯಂಸೇವಕರ ಹಕ್ಕಿ ಸಮೀಕ್ಷೆ ಇದೆ, ಹೆಸರು ಕೊಡಿ ಎಂದು ಗೆಳತಿಯೊಬ್ಬರು ಹೇಳಿದ್ದಾರೆ. ನನಗೆ ಖಚಿತವಾಗಿ ಗುರುತು ಸಿಗುವುದು ಮೂವತ್ತು ಹಕ್ಕಿ ಅಷ್ಟೇ. ತಪ್ಪು ಲೆಕ್ಕ ಕೊಟ್ಟು ಕೆಲಸ ಕೆಡಿಸುತ್ತೇನೇನೋ ಎಂಬ ಅಂಜಿಕೆ. ಏನು ತಯಾರಿ ಬೇಕು, ಆ ದಿನ ಏನು ಮಾಡಬೇಕು, ಒಂಬತ್ತನೇ ತರಗತಿಯ ಮಕ್ಕಳನ್ನು ಕರೆದೊಯ್ಯಬಹುದೇ?

ಉತ್ತರ: ಹೋಗಿ. ಮೂವತ್ತು ಹಕ್ಕಿ ಖಚಿತವಾಗಿ ಗೊತ್ತಿರುವವರು ಸಮೀಕ್ಷೆಗೆ ಬೇಕು. ತೊಂದರೆ ಬರುವುದು ನೂರೈವತ್ತು ಹಕ್ಕಿ ಅರೆಬರೆ ಗೊತ್ತಿರುವವರಿಂದ. ಇಂಥ ದಿನ, ಇಂಥ ಜಾಗದಲ್ಲಿ, ಇಷ್ಟು ಹೊತ್ತು, ಇಷ್ಟು ದೂರ ನಡೆದಾಗ ಏನೇನು ಎಷ್ಟೆಷ್ಟು ಕಂಡಿತು ಎಂಬುದನ್ನು ಸಮೀಕ್ಷೆ ಕೇಳುತ್ತದೆ. ಈ ಅಳತೆಗಳು ಸರಿಯಿದ್ದರೆ ಬರೀ ಗೊರವಂಕ, ಬೆಳ್ಳಕ್ಕಿ, ಕಾಜಾಣಗಳ ಪಟ್ಟಿಯೂ ಹತ್ತು ವರ್ಷದ ಬಳಿಕ ಹೋಲಿಕೆಗೆ ಒದಗುತ್ತದೆ. ಅಳತೆಯಿಲ್ಲದೆ ಸಿಕ್ಕ ಅಪರೂಪದ ಹಕ್ಕಿ, ಫೋಟೊ ಇದ್ದರೂ, ವಾಟ್ಸ್ಆ್ಯಪ್ ಗುಂಪಿನಲ್ಲಿ ಒಂದು ದಿನದ ಸುದ್ದಿ.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಜಾತಿಗಳ ಸ್ಥಿತಿಯನ್ನು ತೂಗಿದ್ದು ಸುಮಾರು 30,000 ಹವ್ಯಾಸಿಗಳು ಕಳಿಸಿದ 3 ಕೋಟಿ ದಾಖಲೆಗಳಿಂದ. ನಮ್ಮ ರಾಜ್ಯಪಕ್ಷಿ ನೀಲಕಂಠ, ವಿಜಯದಶಮಿಯಂದು ಕಂಡರೆ ಶುಭ ಎಂದು ಜನ ಹುಡುಕುವ ಹಕ್ಕಿ, ಇಳಿಮುಖವಾಗಿದೆ ಎಂದು ಗೊತ್ತಾದದ್ದೂ ಹೀಗೆಯೇ. ಅದು ಕಂಡ ಪಟ್ಟಿಗಳಷ್ಟೇ ಅಲ್ಲ, ಹುಡುಕಿದರೂ ಕಾಣದ ಪಟ್ಟಿಗಳೂ ಸೇರಿದ್ದರಿಂದ ಈ ಮಾತು ಹೇಳಲು ಸಾಧ್ಯವಾಯಿತು. ಬೆಂಗಳೂರು, ಮೈಸೂರು ಸುತ್ತಲಿನಿಂದ ಬರುವಷ್ಟು ಪಟ್ಟಿಗಳು ಕಲಬುರಗಿ, ಬೀದರ, ಯಾದಗಿರಿ ಜಿಲ್ಲೆಗಳಿಂದ ಬರುವುದಿಲ್ಲ. ಹಾಗಾಗಿ ಸೇಡಂ ಬಳಿಯ ಒಂದು ಬೆಳಗಿನ ಪಟ್ಟಿಗೆ ಇಲ್ಲಿ ತೂಕ ಹೆಚ್ಚು.

‘ಸಂಪೂರ್ಣ ಪಟ್ಟಿ’ ಅಂದರೆ

ಪಟ್ಟಿ ಕಳಿಸುವಾಗ ‘ಇದು ಸಂಪೂರ್ಣ ಪಟ್ಟಿಯೇ?’ ಎಂದು ಕೇಳುತ್ತಾರೆ, ಹೊಸಬರು ಹೆದರುವುದು ಈ ಮಾತಿಗೆ. ಕೆರೆಯಲ್ಲಿರುವ ಅಷ್ಟೂ ಹಕ್ಕಿಯನ್ನು ಬರೆಯಬೇಕು ಎಂದು ಇದರ ಅರ್ಥವಲ್ಲ, ಅದು ಯಾರಿಂದಲೂ ಆಗದು. ನೀವು ಕಂಡೋ ಕೇಳಿಯೋ ಗುರುತಿಸಿದ ಯಾವ ಹಕ್ಕಿಯನ್ನೂ ಬೇಕೆಂದೇ ಬಿಟ್ಟಿಲ್ಲ ಎಂಬುದಷ್ಟೇ ಅರ್ಥ. ಕಾಗೆ, ಗುಬ್ಬಿ, ಪಾರಿವಾಳ ಬರೆಯಲು ಬೇಸರಪಟ್ಟು ‘ಸಂಪೂರ್ಣ’ ಎಂದು ಗುರುತು ಹಾಕಿದರೆ, ಲೆಕ್ಕ ಹಾಕುವವರಿಗೆ ಅಲ್ಲಿ ಕಾಗೆಯೇ ಇರಲಿಲ್ಲ ಎಂದು ಕಾಣುತ್ತದೆ. ಗುಬ್ಬಿ ಕಡಿಮೆಯಾಯಿತೇ ಎಂಬ ಪ್ರಶ್ನೆಗೆ ಉತ್ತರ ಕೆಡುವುದು ಇಲ್ಲಿ.

ಗುರುತು ಸಿಗದ ಹಕ್ಕಿಗೂ ಪಟ್ಟಿಯಲ್ಲಿ ಜಾಗವಿದೆ. ಹಕ್ಕಿಪಟ್ಟಿ ಬರೆದು ಕಳಿಸಲು ಬಹಳಷ್ಟು ಸಮೀಕ್ಷೆಗಳು ಬಳಸುವ ಇ-ಬರ್ಡ್ ಆ್ಯಪ್‌ನಲ್ಲಿ ‘ಯಾವುದೋ ಬಾತು’, ‘ಯಾವುದೋ ಗದ್ದೆಗೊರವ’ ಎಂಬರ್ಥದ ಆಯ್ಕೆಗಳಿವೆ. ‘ಇದು ಅಥವಾ ಅದು’ ಎಂದು ಎರಡು ಜಾತಿ ಜೋಡಿಸಿದ ಆಯ್ಕೆಗಳೂ ಇವೆ. ದೂರದ ನೀರಿನಲ್ಲಿ ಕೂತ 40 ಬಾತುಗಳನ್ನು ‘ಯಾವುದೋ ಬಾತು 40’ ಎಂದು ಬರೆಯುವುದು ಪ್ರಾಮಾಣಿಕ ದಾಖಲೆ. ಪಕ್ಕದವರು ಸೂಜಿಬಾಲದ ಬಾತು ಎಂದರೆಂದು ಅದನ್ನೇ ಬರೆಯುವುದು ದಾಖಲೆಯಲ್ಲ.

ಇಲ್ಲಿಯ ಶರತ್ಕಾಲ

ಸಮೀಕ್ಷೆಗಳು ಈ ಹೊತ್ತಿಗೇ ಬೀಳುವುದಕ್ಕೆ ಕಾರಣವಿದೆ. ಅಕ್ಟೋಬರ್ 2ರಿಂದ 8 ವನ್ಯಜೀವಿ ಸಪ್ತಾಹ, ಅಕ್ಟೋಬರ್‌ನ ಎರಡನೇ ಶನಿವಾರ ವಿಶ್ವ ವಲಸೆ ಹಕ್ಕಿ ದಿನ, ನವೆಂಬರ್ 12 ಪಕ್ಷಿತಜ್ಞ ಸಲೀಂ ಅಲಿ ಹುಟ್ಟಿದ ದಿನ. ಆದರೆ ಮೂರೂ ಒಂದೇ ಬಗೆಯ ಎಣಿಕೆಯಲ್ಲ. ಅಕ್ಟೋಬರ್ ಮೊದಲ ವಾರದಲ್ಲಿ ಮಳೆಗಾಲದ ಅತಿಥಿ ಚಾತಕದ ಮರಿಗಳು ಇನ್ನೂ ಇರಬಹುದು, ಗೀಜಗದ ಗೂಡುಗಳು ಜಾಲಿಯಲ್ಲಿ ತೂಗುತ್ತಿರುತ್ತವೆ. ಬೂದು ಸಿಪಿಲೆ, ಗದ್ದೆಗೊರವ, ಗುಲಾಬಿ ಕಬ್ಬಕ್ಕಿ ಆಗಲೇ ಬಂದಿರುತ್ತವೆ. ಬಾತುಗಳಲ್ಲಿ ಬಿಳಿಹುಬ್ಬಿನ ಬಾತು ಮುಂಚಿನದು. ಪಟ್ಟೆತಲೆ ಹೆಬ್ಬಾತಿಗಾಗಿ ದುರ್ಬೀನು ಹಿಡಿದು ಅಕ್ಟೋಬರ್‌ನಲ್ಲಿ ಕೂತರೆ ಬಹುಪಾಲು ನಿರಾಸೆಯೇ, ಅದು ನವೆಂಬರ್ ಕಳೆದ ಮೇಲಿನ ಮಾತು. ಅಮೂರ್ ಚಾಣ ಆಫ್ರಿಕಕ್ಕೆ ಹೋಗುವ ದಾರಿಯಲ್ಲಿ ದಖ್ಖನಿನ ಮೇಲೆ ಹಾಯುವುದೂ ನವೆಂಬರ್‌ನಲ್ಲಿ.

ಇನ್ನೊಂದು ಮಾತು ಬಹಳ ಜನರಿಗೆ ಹೊಳೆಯುವುದಿಲ್ಲ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರ್‌ನಲ್ಲಿ ದೊಡ್ಡ ಜಲಾಶಯಗಳಲ್ಲಿ ಹಕ್ಕಿ ಕಡಿಮೆ ಕಾಣುತ್ತದೆ. ಭಾಲ್ಕಿ ತಾಲೂಕಿನ ಕಾರಂಜಾ ಇರಲಿ, ಬೆಣ್ಣೆತೊರಾ ಇರಲಿ, ನೀರು ಅಂಚಿನ ತನಕ ತುಂಬಿದ್ದರೆ ಗೊರವಗಳಿಗೆ ಬೇಕಾದ ಕೆಸರಿನ ದಂಡೆಯೇ ಇರುವುದಿಲ್ಲ. ನೀರಲ್ಲಿ ತಲೆ ಅದ್ದಿ ಮೇಯುವ ಬಾತುಗಳಿಗೆ ಆಳ ಹೆಚ್ಚು. ಅವೆಲ್ಲ ಹೊಲದ ಹೊಂಡ, ಗದ್ದೆ, ಸಣ್ಣ ಕೆರೆಗಳಿಗೆ ಚದುರಿರುತ್ತವೆ. ಜನವರಿಯಲ್ಲಿ ನೀರು ಇಳಿದ ಹಾಗೆ ಅದೇ ಜಲಾಶಯಕ್ಕೆ ಒಟ್ಟಾಗುತ್ತವೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಹರಿದಂಥ ವರ್ಷದಲ್ಲಂತೂ ನದಿದಂಡೆಯ ಲೆಕ್ಕವನ್ನು ಬೇರೆ ವರ್ಷದ ಲೆಕ್ಕದ ಪಕ್ಕ ಸುಮ್ಮನೆ ಇಡಲು ಬರುವುದಿಲ್ಲ. ಆದ್ದರಿಂದ ಪ್ರತಿ ಪಟ್ಟಿಯ ಟಿಪ್ಪಣಿಯಲ್ಲಿ ನೀರಿನ ಮಟ್ಟ ಬರೆಯಿರಿ: ಕೆರೆ ತುಂಬಿದೆಯೇ, ಅರ್ಧವೇ, ಕೆಸರಿನ ದಂಡೆ ಎಷ್ಟು ಮಾರು ಅಗಲ ಬಿಟ್ಟಿದೆ. ಆ ಒಂದು ಸಾಲು ಇಲ್ಲದಿದ್ದರೆ ‘ಕಾರಂಜಾದಲ್ಲಿ ಹಕ್ಕಿ ಕಡಿಮೆಯಾಗಿವೆ’ ಎಂಬ ತಪ್ಪು ಸುದ್ದಿ ಸುಲಭವಾಗಿ ಹುಟ್ಟುತ್ತದೆ.

ಎಲ್ಲಿ ನಿಲ್ಲುವುದು

ನೀರು ಕಂಡಲ್ಲೇ ಹಕ್ಕಿ ಎಂಬ ನಂಬಿಕೆಯಿಂದ ಸಮೀಕ್ಷೆಯ ಎಲ್ಲ ತಂಡಗಳೂ ಕೆರೆಗೆ ಹೋಗುತ್ತವೆ. ಸುರಪುರ ತಾಲೂಕಿನ ಬೋನಾಳ ಪಕ್ಷಿಧಾಮ, ಯಾದಗಿರಿ ಬಳಿಯ ಹತ್ತಿಕುಣಿ ಜಲಾಶಯ, ಬಸವಕಲ್ಯಾಣದ ತ್ರಿಪುರಾಂತ ಕೆರೆ ಇವಕ್ಕೆ ಜನ ಸಿಗುತ್ತಾರೆ. ಖಾಲಿ ಉಳಿಯುವುದು ಹೊಲ. ನಿಮಗೆ ಆಯ್ಕೆ ಕೊಟ್ಟರೆ ಹೊಲ ಕೇಳಿ ಪಡೆಯಿರಿ ಎಂಬುದು ನಮ್ಮ ಸಲಹೆ.

ಹೊಲ ಎಂದರೂ ಎಲ್ಲ ಹೊಲ ಒಂದಲ್ಲ. ಅಕ್ಟೋಬರ್‌ನಲ್ಲಿ ತೊಗರಿ ಆಳೆತ್ತರ ಬೆಳೆದು ಹೂವಿಗೆ ಬಂದಿರುತ್ತದೆ. ಒಳಗೆ ಹೊಕ್ಕರೆ ಎರಡು ಸಾಲಿನಾಚೆ ಏನೂ ಕಾಣದು. ಬದುವಿನ ಮೇಲೆ, ಬಂಡಿದಾರಿಯ ಮೇಲೆ ನಿಂತು ನೋಡಿ: ಹೂವಿಗೆ ಬರುವ ಹುಳ ಹಿಡಿಯಲು ಕಳ್ಳಿಪೀರ, ಕಾಜಾಣ, ಕಳಿಂಗ ಬೇಲಿಯ ಜಾಲಿಯಲ್ಲೋ ವಿದ್ಯುತ್ ತಂತಿಯಲ್ಲೋ ಕೂತಿರುತ್ತವೆ. ನೆಲಗುಬ್ಬಿ, ಪಿಪಿಳೀಕ, ಸಿಪಿಲೆ, ಹಳದಿ ಟಿಟ್ಟಿಭ (ಮರಾಠಿ ಆಡುವವರ ಟಿಟವಿ) ಬೇಕಿದ್ದರೆ ಹೆಸರು, ಉದ್ದು ಕಿತ್ತು ಹಿಂಗಾರಿ ಜೋಳಕ್ಕೆ ಹದ ಮಾಡಿದ ಬರಿ ಎರಿ ಹೊಲ ಆರಿಸಿ. ಬೀದರ ಸುತ್ತಿನ ಜಂಬಿಟ್ಟಿಗೆಯ ಗಿಡ್ಡ ಹುಲ್ಲಿನ ಬಯಲುಗಳಲ್ಲೂ ನೆಲಗುಬ್ಬಿಗಳ ಬಗೆ ಹೆಚ್ಚು. ಅಲ್ಲಿ ಹುಲ್ಲಿನ ಮೇಲೆ ತಗ್ಗಾಗಿ ತೇಲುವ ಸೆಳೆವಗಳೂ ಬರುತ್ತವೆ. ಶಹಾಪುರ, ಸುರಪುರ, ಹುಣಸಗಿ ಕಡೆ ನಾರಾಯಣಪುರ ಕಾಲುವೆಯ ನೀರು ಕುಡಿದ ಭತ್ತದ ಗದ್ದೆಗಳು ಇನ್ನೊಂದು ಲೋಕ: ಬೆಳ್ಳಕ್ಕಿ, ಕೆಂಬರಲು, ಗದ್ದೆಗೊರವ. ನಿಮ್ಮ ಸೇಡಂ, ಚಿತ್ತಾಪುರ ಕಡೆ ನೀರು ನಿಂತ ಹಳೆಯ ಫರ್ಸಿಕಲ್ಲಿನ ಗಣಿಗುಂಡಿಗಳಿವೆ. ಗುಳುಮುಳುಕ, ಮಿಂಚುಳ್ಳಿ, ನೀರುಕಾಗೆ ಅಲ್ಲಿ ಸಿಗಬಹುದು. ಆದರೆ ಅಂಚು ಕಡಿದಾಗಿ ಕೆಳಗಿಳಿದಿರುತ್ತದೆ, ಕಲ್ಲು ಸಡಿಲ. ಮಕ್ಕಳ ಜತೆ ಹೋಗುವ ಜಾಗವಲ್ಲ.

ಕೆರೆಯೇ ಪಾಲಿಗೆ ಬಂದರೆ ಮೊದಲು ಸೂರ್ಯನ ದಿಕ್ಕು ನೋಡಿ. ಬೆಳಿಗ್ಗೆ ಪೂರ್ವದ ದಂಡೆಯಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಬೇಕು. ಎದುರು ಬಿಸಿಲಿಗೆ ನಿಂತರೆ ಎಲ್ಲ ಬಾತುಗಳೂ ಕರಿ ಗೊಂಬೆಗಳೇ, ಬಣ್ಣ ಕಾಣದು, ನೀರಿನ ಹೊಳಪಿಗೆ ಕಣ್ಣೂ ಸೋಲುತ್ತದೆ. ಏರಿ ಪಶ್ಚಿಮಕ್ಕಿದ್ದು ಬೇರೆಡೆ ನಿಲ್ಲಲು ದಾರಿಯಿಲ್ಲದಿದ್ದರೆ ಆ ಕೆರೆಯನ್ನು ಸಂಜೆ 4ರ ಮೇಲೆ ಎಣಿಸಿ. ಕಲಬುರಗಿಯಲ್ಲಿ ಅಕ್ಟೋಬರ್ ಮಧ್ಯದಲ್ಲಿ ಸೂರ್ಯ ಹುಟ್ಟುವುದು ಸುಮಾರು 6.15ಕ್ಕೆ, ಮುಳುಗುವುದು 6ರ ಆಸುಪಾಸು. ನವೆಂಬರ್ ಮಧ್ಯಕ್ಕೆ ಬೆಳಗು ಹತ್ತು ನಿಮಿಷ ತಡ, ಸಂಜೆ ಕಾಲು ಗಂಟೆ ಮುಂಚೆ.

ಅನುಮತಿಯ ವಿಚಾರ ಒಂದೆರಡು ಮಾತಿನಲ್ಲಿ. ಚಿಂಚೋಳಿ ವನ್ಯಜೀವಿಧಾಮ, ಬೀದರ ಬಳಿಯ ಹೊನ್ನಿಕೇರಿ ಕಾಯ್ದಿಟ್ಟ ಅರಣ್ಯ ಇಂಥಲ್ಲಿಗೆ ಅರಣ್ಯ ಇಲಾಖೆಯ ಅನುಮತಿ ಮುಂಚಿತವಾಗಿ ಬೇಕು. ಸಮೀಕ್ಷೆಯ ಸಂಘಟಕರು ಪಡೆದಿದ್ದರೆ ಅದರ ಪ್ರತಿ ನಿಮ್ಮ ಕೈಯಲ್ಲೂ ಇರಲಿ. ಬೀದರದಲ್ಲಿ ವಾಯುಪಡೆಯ ನೆಲೆ ಇದೆ, ಅದರ ಗೋಡೆಯ ಹತ್ತಿರ ದುರ್ಬೀನನ್ನಾಗಲಿ ಉದ್ದ ಲೆನ್ಸನ್ನಾಗಲಿ ಎತ್ತಲೇಬೇಡಿ. ಅಣೆಕಟ್ಟಿನ ಗೋಡೆ, ಗೇಟುಗಳ ಫೋಟೊ ತೆಗೆಯುವುದೂ ಬೇಡ. ಹೊಲದ ಒಡೆಯರನ್ನು ಹಿಂದಿನ ದಿನವೇ ಕೇಳಿ, ಜತೆಗೆ ‘ಔಷಧ ಯಾವಾಗ ಹೊಡೆದಿರಿ?’ ಎಂದೂ ವಿಚಾರಿಸಿ. ತೊಗರಿಗೆ ಕಾಯಿಕೊರಕ ಬೀಳುವ ಕಾಲವಿದು. ಸಿಂಪಡಣೆಯಾದ ಹೊಲದ ಬದುವಿಗೆ ಮರುದಿನ ಮಕ್ಕಳನ್ನು ನಿಲ್ಲಿಸಬಾರದು.

ತಯಾರಿ: ಎರಡು ವಾರ

ಹೊಸ ಹಕ್ಕಿ ಕಲಿಯುವುದಕ್ಕಿಂತ ಎಣಿಕೆ ಕಲಿಯುವುದಕ್ಕೆ ಈ ಎರಡು ವಾರ ಬಳಸಿ. ಮೊರದಲ್ಲಿ ಒಂದು ಹಿಡಿ ತೊಗರಿಬೇಳೆ ಹರಡಿ, ಎರಡು ಸೆಕೆಂಡ್ ನೋಡಿ ಮುಖ ತಿರುಗಿಸಿ, ಎಷ್ಟಿದ್ದವು ಎಂದು ಬರೆದು, ಆಮೇಲೆ ಎಣಿಸಿ. ಮೊದಮೊದಲು 200 ಇದ್ದದ್ದು 110 ಅನ್ನಿಸುತ್ತದೆ. ದೊಡ್ಡ ಗುಂಪನ್ನು ಕಡಿಮೆ ಅಂದಾಜಿಸುವುದು ಹೊಸಬರ ಸಾಮಾನ್ಯ ತಪ್ಪು. ದಿನಕ್ಕೆ ಹತ್ತು ಸಲದಂತೆ ಒಂದು ವಾರ ಮಾಡಿದರೆ ಕಣ್ಣು ಪಳಗುತ್ತದೆ. ಶಾಲೆಯಲ್ಲಿ ಮಕ್ಕಳಿಗೂ ಇದು ಒಳ್ಳೆಯ ಆಟ.

ದುರ್ಬೀನು 8x42 ಸಾಕು. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿಲಿಮೀಟರಿನಲ್ಲಿ. 10x50 ಕೊಂಡವರು ಅರ್ಧ ಗಂಟೆಯಲ್ಲಿ ಕೈ ನೋವೆಂದು ಕೆಳಗಿಡುತ್ತಾರೆ. ಅದರಲ್ಲಿ ಕೈ ನಡುಕವೂ ಹೆಚ್ಚು ಕಾಣುತ್ತದೆ. ಹೊಸ ದುರ್ಬೀನಿನಲ್ಲಿ ‘ಮಸುಕು’ ಎನ್ನುವ ದೂರು ಬಹಳ ಸಲ ಹೊಂದಿಸದೆ ಬಳಸುವುದರಿಂದ ಬರುತ್ತದೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ದೂರದ ಬೋರ್ಡಿನ ಅಕ್ಷರ ಎಡಗಣ್ಣಿಗೆ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಕೊಳವೆಯ ಸುತ್ತಲಿನ ಬಳೆ ತಿರುಗಿಸಿ ಅದೇ ಅಕ್ಷರ ಸ್ಪಷ್ಟ ಮಾಡಿ. ಆ ಬಳೆ ಎಲ್ಲಿ ನಿಂತಿತೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿಡಿ, ಮುಂದೆ ಚಕ್ರ ಒಂದನ್ನೇ ತಿರುಗಿಸಿದರೆ ಆಯಿತು. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಕೆಳಗೆ ಒತ್ತಿಕೊಳ್ಳಬೇಕು.

ಚೀಲದಲ್ಲಿ: ಸಣ್ಣ ನೋಟ್‌ಬುಕ್, ಎರಡು ಪೆನ್ಸಿಲ್ (ಇಬ್ಬನಿಗೆ ಪೆನ್ನಿನ ಶಾಯಿ ಹರಡುತ್ತದೆ), ತಲೆಗೆ ಟೋಪಿ, ಎರಡು ಲೀಟರ್ ನೀರು, ಪವರ್ ಬ್ಯಾಂಕ್. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿಗಿಂತ ಒಳ್ಳೆಯದಿಲ್ಲ, ಮಧ್ಯಾಹ್ನದ ತನಕ ಕೆಡದು. ಕಾಲಿಗೆ ಪಾದ ಪೂರ್ತಿ ಮುಚ್ಚುವ ಶೂ ಬೇಕೇಬೇಕು, ಎರಿ ಹೊಲದ ಬಿರುಕುಗಳಲ್ಲಿ, ಬದುವಿನ ಹುಲ್ಲಿನಲ್ಲಿ ಕೊಳಕುಮಂಡಲ ಇರುತ್ತದೆ. ಹಿಂದಿನ ರಾತ್ರಿ ಮಳೆ ಬಿದ್ದಿದ್ದರೆ ಎರಿ ಹೊಲ ಬಿಟ್ಟು ಡಾಂಬರು ದಾರಿಯ ಬದಿಯ ಜಾಗಕ್ಕೆ ಬದಲಿಸಿ. ಆ ಮಣ್ಣು ಶೂಗೆ ಕಿಲೋ ಲೆಕ್ಕದಲ್ಲಿ ಅಂಟುತ್ತದೆ, ಬೈಕಿನ ಗಾಲಿ ಹತ್ತು ಮಾರಿನಲ್ಲಿ ಕಟ್ಟಿಕೊಂಡು ನಿಲ್ಲುತ್ತದೆ.

ಆ ಬೆಳಿಗ್ಗೆ

ಸಂಘಟಕರು ಬೇರೆ ಕ್ರಮ ಹೇಳಿರದಿದ್ದರೆ 15 ನಿಮಿಷಕ್ಕೊಂದು ಪಟ್ಟಿ ಮಾಡಿ. ಬೆಳಗಿನ ಎರಡು ಗಂಟೆಗೆ ಐದಾರು ಪಟ್ಟಿ ಬಂದರೆ ಚೆನ್ನ. ಎರಡು ಗಂಟೆಯ ಒಂದೇ ಉದ್ದ ಪಟ್ಟಿಗಿಂತ ಇವು ಹೆಚ್ಚು ಉಪಯೋಗ, ಏಕೆಂದರೆ ಆರು ಪಟ್ಟಿಯಲ್ಲಿ ಐದರಲ್ಲಿ ಕಂಡ ಹಕ್ಕಿಗೂ ಒಂದರಲ್ಲಿ ಕಂಡ ಹಕ್ಕಿಗೂ ಇರುವ ವ್ಯತ್ಯಾಸ ಉದ್ದ ಪಟ್ಟಿಯಲ್ಲಿ ಅಳಿಸಿ ಹೋಗುತ್ತದೆ. ಪರಿಸರ ಬದಲಾದಾಗಲೂ ಪಟ್ಟಿ ಮುಗಿಸಿ ಹೊಸದು ತೆರೆಯಿರಿ. ತೊಗರಿ ಹೊಲ ಮತ್ತು ಕೆರೆ ಒಂದೇ ಪಟ್ಟಿಯಲ್ಲಿ ಸೇರಿದರೆ ಯಾವ ಹಕ್ಕಿ ಎಲ್ಲಿಯದೆಂದು ಆಮೇಲೆ ಬಿಡಿಸಲಾಗದು.

30 ಮೀಟರ್ ಒಳಗೆ ಓಡಾಡಿದ್ದರೆ ‘ನಿಂತ ಪಟ್ಟಿ’, ಅದಕ್ಕಿಂತ ಹೆಚ್ಚಾದರೆ ‘ನಡೆದ ಪಟ್ಟಿ’. ಹೋದ ದಾರಿಯಲ್ಲೇ ವಾಪಸು ಬಂದರೆ ಹೋದ ದೂರವನ್ನಷ್ಟೇ ಬರೆಯಬೇಕು, ಬರುವಾಗ ಮತ್ತೆ ಸಿಕ್ಕ ಅದೇ ಹಕ್ಕಿಗಳನ್ನು ಕೂಡಿಸಬಾರದು.

ನಾಲ್ಕು ಜನರ ತಂಡದಲ್ಲಿ ಕೆಲಸ ಹಂಚಿಕೊಳ್ಳಿ. ಇಬ್ಬರು ನೋಡಿ ಗಟ್ಟಿಯಾಗಿ ಹೇಳಲಿ, ಒಬ್ಬರು ಬರೆಯಲಿ, ಒಬ್ಬರು ಹೊತ್ತು ನೋಡುತ್ತ ಹಿಂದೆ, ಮೇಲೆ ಕಣ್ಣಾಡಿಸಲಿ. ಎಲ್ಲರೂ ಒಂದೇ ಮಿಂಚುಳ್ಳಿಯ ಫೋಟೊಗೆ ಮುಗಿಬಿದ್ದಾಗ ಬೆನ್ನ ಹಿಂದಿನ ನೂರು ಹಕ್ಕಿ ಎಣಿಕೆಯಿಂದ ತಪ್ಪುತ್ತವೆ. ಹದ್ದು, ಚಾಣಗಳಿಗಾಗಿ ಒಂದು ನಿಂತ ಪಟ್ಟಿಯನ್ನು 9.30ರ ಮೇಲೆ ಇಟ್ಟುಕೊಳ್ಳಿ. ನೆಲ ಕಾದು ಬಿಸಿಗಾಳಿ ಏಳುವ ತನಕ ದೊಡ್ಡ ರೆಕ್ಕೆಯವು ಮೇಲೇರುವುದಿಲ್ಲ.

ಫೋನಿನಲ್ಲಿ ಹಕ್ಕಿಯ ಕೂಗು ನುಡಿಸಿ ಕರೆಯಬೇಡಿ. ಹಕ್ಕಿಗೆ ತೊಂದರೆ ಎಂಬುದು ಸರಿಯೇ, ಜತೆಗೆ ಎಣಿಕೆಯೂ ಕೆಡುತ್ತದೆ, ಕರೆದಿದ್ದಕ್ಕೆ ಬಂದ ಹಕ್ಕಿಯೂ ತಾನಾಗಿ ಕಂಡ ಹಕ್ಕಿಯೂ ಒಂದೇ ಲೆಕ್ಕವಲ್ಲ.

ಎಣಿಕೆ

ಹತ್ತಿಪ್ಪತ್ತರ ತನಕ ಒಂದೊಂದಾಗಿ ಎಣಿಸಿ. ಅದಕ್ಕೂ ಹೆಚ್ಚಾದಾಗ ಮೊದಲ 10 ಹಕ್ಕಿ ಎಣಿಸಿ, ಅವು ಎಷ್ಟು ಜಾಗ ತುಂಬಿವೆ ಎಂದು ಕಣ್ಣಲ್ಲಿ ಇಟ್ಟುಕೊಂಡು, ಅದೇ ಅಳತೆಯಲ್ಲಿ ಗುಂಪಿನ ಈ ತುದಿಯಿಂದ ಆ ತುದಿಗೆ ಸಾಗಿ. ನೂರಾರು ನಾಮದ ಕೋಳಿಗಳಿದ್ದರೆ ಅಳತೆಯನ್ನು 50ಕ್ಕೆ ಏರಿಸಿ. ಗುಂಪಿನ ನಡುವೆ ದಟ್ಟ, ಅಂಚಿನಲ್ಲಿ ತೆಳು ಇರುತ್ತದೆ, ಹಾಗಾಗಿ ನಡುವಿನ ಅಳತೆಯನ್ನೇ ಅಂಚಿಗೂ ಹಚ್ಚಿದರೆ ಲೆಕ್ಕ ಉಬ್ಬುತ್ತದೆ. ಎರಡು ಕಡೆ ಬೇರೆ ಬೇರೆ ಅಳೆಯಿರಿ.

ಹಾರುತ್ತಾ ಸಾಗುವ ಗುಲಾಬಿ ಕಬ್ಬಕ್ಕಿಗಳಿಗೆ ಬೇರೆ ಉಪಾಯ. ಒಂದು ಜಾಲಿಮರ ಗುರುತು ಮಾಡಿಕೊಂಡು, 10 ಸೆಕೆಂಡಿನಲ್ಲಿ ಅದನ್ನು ದಾಟಿದವು ಎಷ್ಟು ಎಂದು ನೋಡಿ. 60 ದಾಟಿ, ಸಾಲು ಒಟ್ಟು ಎರಡು ನಿಮಿಷ ಹರಿದರೆ 60ರ ಹನ್ನೆರಡು ಪಟ್ಟು, 720. ಇದನ್ನು ‘ಸಾವಿರ’ ಎಂದು ಬರೆಯಬೇಡಿ. ದುಂಡಂಕಿ ಕಂಡರೆ ಪರಿಶೀಲಿಸುವವರಿಗೆ ಎಣಿಸಿಲ್ಲ ಎಂದೇ ಅನಿಸುತ್ತದೆ.

ಎರಡು ಸಲ ಎಣಿಸುವುದು ದೊಡ್ಡ ಕಾಟ. ಮೀನುಗಾರರ ತೆಪ್ಪ ಹೋದಾಗ ಸಿಳ್ಳೆಬಾತುಗಳು ಎದ್ದು, ಸುತ್ತು ಹಾಕಿ, ಆ ಕಡೆ ಇಳಿಯುತ್ತವೆ. ಎದ್ದಾಗ 85, ಇಳಿದಾಗ 70 ಕಂಡರೆ ಬರೆಯಬೇಕಾದದ್ದು 85, ಎರಡನ್ನು ಕೂಡಿದ 155 ಅಲ್ಲ. ಒಂದೇ ಗುಂಪು ಎಂಬ ಅನುಮಾನವಿದ್ದಾಗಲೆಲ್ಲ ಒಮ್ಮೆಗೆ ಕಂಡ ಹೆಚ್ಚಿನ ಸಂಖ್ಯೆ ಹಿಡಿಯಿರಿ. ಸಂಖ್ಯೆ ಹಾಕದೆ ‘ಇತ್ತು’ ಎಂದಷ್ಟೇ ಗುರುತು ಹಾಕುವ ಸೌಲಭ್ಯ ಆ್ಯಪ್‌ನಲ್ಲಿದೆ. ಅದನ್ನು ಕೊನೆಯ ದಾರಿ ಎಂದಿಟ್ಟುಕೊಳ್ಳಿ, ಹತ್ತರ ಒಳಗೋ ಐನೂರರ ಮೇಲೋ ಎಂದಾದರೂ ಗೊತ್ತಾಗುವುದು ಸಂಖ್ಯೆಯಿಂದಲೇ.

ಅನುಭವಿಗಳೂ ಎಡವುವ ಹಕ್ಕಿಗಳು

ಅಕ್ಟೋಬರ್‌ನ ಬಾತುಗಳು ಪುಸ್ತಕದ ಚಿತ್ರದ ಹಾಗಿರುವುದಿಲ್ಲ. ಗಂಡುಗಳು ಬೆಡಗಿನ ಗರಿ ಉದುರಿಸಿ ಹೆಣ್ಣಿನ ಮಾಸಲು ಕಂದು ವೇಷದಲ್ಲಿರುತ್ತವೆ, ಚಳಿಗಾಲ ಕೂಡಿದ ಮೇಲೆ ಮತ್ತೆ ಬಣ್ಣ. ಆದ್ದರಿಂದ ಬಣ್ಣ ಬಿಟ್ಟು ಆಕಾರ ನೋಡಿ. ಸಲಿಕೆಯಂತೆ ತುದಿ ಅಗಲವಾದ ಕೊಕ್ಕಿದ್ದರೆ ಚಲುಕದ ಬಾತು. ಉದ್ದ ಸಪೂರ ಕತ್ತು, ಮೊನಚು ಬಾಲ, ಬೂದು ಕೊಕ್ಕಿದ್ದರೆ ಸೂಜಿಬಾಲದ ಬಾತು. ಚಿಕ್ಕ ಮೈ, ಮುಖದ ಮೇಲೆ ಗೀರುಗೀರು, ಕೊಕ್ಕಿನ ಬುಡದಲ್ಲಿ ಬಿಳಿ ಮಚ್ಚೆಯಿದ್ದರೆ ಬಿಳಿಹುಬ್ಬಿನ ಬಾತು. ಕರಿ ಕೊಕ್ಕಿನ ತುದಿ ಹಳದಿಯಾಗಿದ್ದರೆ ಅದು ಇಲ್ಲಿಯದೇ ಚುಕ್ಕೆಕೊಕ್ಕಿನ ಬಾತು. ಇವುಗಳಲ್ಲಿ ಒಂದೂ ಕಾಣದಷ್ಟು ದೂರವಿದ್ದರೆ ‘ಯಾವುದೋ ಬಾತು’.

ಗದ್ದೆಗೊರವಗಳಲ್ಲಿ ಮೂರು ಸದಾ ಗೊಂದಲ. ನಿಂತಲ್ಲೇ ಹಿಂಭಾಗ ಕುಣಿಸುತ್ತಾ, ಭುಜದ ಮುಂದೆ ಬಿಳಿ ಬೆಣೆ ಕಾಣಿಸುವುದು ಗದ್ದೆಗೊರವ. ಅದು ರೆಕ್ಕೆ ಬಿಗಿಹಿಡಿದು ನೀರಿಗೆ ತಗಲುವಷ್ಟು ಕೆಳಗೆ ಹಾರುತ್ತದೆ. ಎದ್ದಾಗ ರೆಕ್ಕೆಯ ಅಡಿ ಕಪ್ಪಾಗಿ, ಬಾಲದ ಮೇಲೆ ಬಿಳಿ ಢಾಳಾಗಿ ಕಂಡರೆ ಹಸಿರು ಗದ್ದೆಗೊರವ. ರೆಕ್ಕೆಯ ಅಡಿ ಬೆಳ್ಳಗಿದ್ದು, ಬೆನ್ನ ತುಂಬ ಚುಕ್ಕೆ, ಕಣ್ಣಿನ ಹಿಂದಕ್ಕೂ ಹರಿದ ಬಿಳಿ ಹುಬ್ಬು ಇದ್ದರೆ ಅಡವಿ ಗದ್ದೆಗೊರವ. ಭತ್ತದ ಗದ್ದೆಯಲ್ಲಿ ಹಿಂಡಾಗಿ ಇರುವುದು ಹೆಚ್ಚಾಗಿ ಇದೇ. ಹಸಿರು ಒಂಟಿ ಪ್ರಾಣಿ.

ಬೆಳ್ಳಕ್ಕಿ ಎಲ್ಲರಿಗೂ ಗೊತ್ತು, ಆದರೆ ನಾಲ್ಕು ಬಗೆ. ದನದ ಹಿಂದೆ ನಡೆಯುವ, ಗಿಡ್ಡ ಹಳದಿ ಕೊಕ್ಕಿನದು ದನದ ಬೆಳ್ಳಕ್ಕಿ. ಕರಿ ಕೊಕ್ಕು, ಕರಿ ಕಾಲು, ಪಾದ ಮಾತ್ರ ಹಳದಿ ಇದ್ದರೆ ಸಣ್ಣ ಬೆಳ್ಳಕ್ಕಿ. ನಡುಗಾತ್ರದ್ದನ್ನೂ ದೊಡ್ಡದನ್ನೂ ಬಿಡಿಸಲು ಬಾಯಿಯ ಗೆರೆ ನೋಡಬೇಕು, ಕಣ್ಣಿನ ಕೆಳಗೇ ನಿಂತರೆ ನಡುಗಾತ್ರದ್ದು, ಕಣ್ಣು ದಾಟಿ ಹಿಂದೆ ಹೋದರೆ ದೊಡ್ಡ ಬೆಳ್ಳಕ್ಕಿ.

ಸೆಳೆವಗಳ ಗಂಡು ಸುಲಭ: ಬೂದು ರೆಕ್ಕೆಯ ಮೇಲೆ ಅಡ್ಡ ಕರಿ ಪಟ್ಟಿಯಿದ್ದರೆ ಮಾಂಟೆಗು ಸೆಳೆವ, ಪಟ್ಟಿಯಿಲ್ಲದೆ ಬೆಳ್ಳಗೆ, ರೆಕ್ಕೆತುದಿಯಲ್ಲಿ ಮಾತ್ರ ಕರಿ ಬೆಣೆಯಿದ್ದರೆ ಬಿಳಿ ಸೆಳೆವ. ಹೆಣ್ಣು ಮತ್ತು ಮರಿಗಳು ಎರಡರಲ್ಲೂ ಕಂದು ಮೈ, ಬಾಲದ ಬುಡದಲ್ಲಿ ಬಿಳಿ. ಒಳ್ಳೆಯ ಫೋಟೊ ಇಲ್ಲದೆ ಬಿಡಿಸುವ ಹುಂಬತನ ಬೇಡ, ಎರಡೂ ಸೇರಿದ ‘ಮಾಂಟೆಗು ಅಥವಾ ಬಿಳಿ’ ಆಯ್ಕೆ ಒತ್ತಿ.

ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಕಲಿಕೆಗೆ ಒಳ್ಳೆಯದು, ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲೇ ಇಳಿಸಿಕೊಂಡು ಹೋಗಿ. ಆದರೆ ಅದು ಹೇಳಿದ್ದನ್ನೆಲ್ಲ ಪಟ್ಟಿಗೆ ಏರಿಸಬೇಡಿ. ಕಾಜಾಣ ಬೇರೆ ಹಕ್ಕಿಯ ಕೂಗನ್ನು ಅಣಕಿಸುತ್ತದೆ, ಆ್ಯಪ್ ಅದನ್ನು ನಂಬುತ್ತದೆ. ಅದು ಹೆಸರು ಹೇಳಿದ ಮೇಲೆ ನೀವು ಕಣ್ಣಾರೆ ಕಂಡಿದ್ದರೆ, ಇಲ್ಲವೇ ಕೂಗು ನಿಮಗೇ ಗೊತ್ತಿದ್ದರೆ ಮಾತ್ರ ಬರೆಯಿರಿ.

ಮಕ್ಕಳು

ಒಂಬತ್ತನೇ ತರಗತಿಯವರು ಧಾರಾಳವಾಗಿ ಬರಬಹುದು, ಐದಾರು ಮಕ್ಕಳಿಗೆ ಒಬ್ಬ ದೊಡ್ಡವರಂತೆ. ಪಾಲಕರ ಒಪ್ಪಿಗೆ ಪತ್ರ, ಮುಖ್ಯ ಗುರುಗಳ ಅನುಮತಿ ಬೇಕು. ಕೆರೆಯ ತೂಬು, ಕಾಲುವೆಯ ಅಂಚಿಗೆ ಯಾರೂ ಇಳಿಯಬಾರದು. ಬಿಳಿ ಸಮವಸ್ತ್ರ ಬೇಡ, ಬಯಲಲ್ಲಿ ಅದು ದೂರದಿಂದಲೇ ಹಕ್ಕಿಯನ್ನು ಎಬ್ಬಿಸುತ್ತದೆ. ಮಣ್ಣಿನ ಬಣ್ಣದ, ಹಸಿರು ಬಟ್ಟೆ ಇರಲಿ. ಇಬ್ಬರಿಗೊಂದು ದುರ್ಬೀನು ಸಿಕ್ಕರೆ ಸಾಕು. ಎಣಿಕೆಯಲ್ಲಿ ಮಕ್ಕಳು ದೊಡ್ಡವರಿಗೆ ಸೋಲುವುದಿಲ್ಲ, ಹೆಸರು ಹೇಳುವಾಗ ಮಾತ್ರ ಉತ್ಸಾಹ ಓಡುತ್ತದೆ. ಇಬ್ಬರು ಮಕ್ಕಳು ಒಂದೇ ಹೆಸರನ್ನು, ಯಾವ ಗುರುತಿನಿಂದ ಎಂದು ಹೇಳಿದರೆ ಬರೆದುಕೊಳ್ಳುವ ನಿಯಮ ಇಟ್ಟುಕೊಳ್ಳಿ.

ಗಣಿಯ ಗೋಡೆಯ ಚಾಚಿನಲ್ಲೋ ಹಳ್ಳದ ದಂಡೆಯಲ್ಲೋ ಕೊಂಬಿನ ಗೂಬೆ ಕಂಡರೆ ದೂರದಿಂದ ನೋಡಿ ಸರಿಯಿರಿ. ನವೆಂಬರ್ ಹೊತ್ತಿಗೆ ಅವು ಮೊಟ್ಟೆಗೆ ಕೂರುತ್ತವೆ. ಆ ಜಾಗದ ಫೋಟೊ, ಲೊಕೇಶನ್ ಎಲ್ಲೂ ಹಂಚಬೇಡಿ ಎಂದು ಮಕ್ಕಳಿಗೆ ಖಡಾಖಂಡಿತವಾಗಿ ಹೇಳಿ. ದೀಪಾವಳಿಯ ಮುಂಚೆ ಮಾಟಮಂತ್ರಕ್ಕೆಂದು ಗೂಬೆ ಹಿಡಿಯುವವರು ದೇಶದಲ್ಲಿ ಇದ್ದಾರೆ.

ಮನೆಗೆ ಬಂದ ಮೇಲೆ

ಪಟ್ಟಿ ಅದೇ ದಿನ ಕಳಿಸಿ. ಕಳಿಸುವ ಮೊದಲು ನೋಡಬೇಕಾದ ಸಂಗತಿಗಳಿವೆ. ಒಂದು, ದೂರ: ಆ್ಯಪ್‌ನ ಜಿಪಿಎಸ್ ನಿಲ್ಲಿಸಲು ಮರೆತು ಬೈಕ್ ಹತ್ತಿದವರ ಪಟ್ಟಿಯಲ್ಲಿ ‘18 ಕಿ.ಮೀ. ನಡಿಗೆ’ ಎಂದಿರುತ್ತದೆ, ನಡೆದಷ್ಟಕ್ಕೆ ತಿದ್ದಿ. ಎರಡು, ಜಾಗ: ಕೆರೆಯ ಹಾಟ್‌ಸ್ಪಾಟ್ (ಎಲ್ಲರೂ ಬಳಸಲೆಂದು ಆ್ಯಪ್‌ನಲ್ಲಿ ಮೊದಲೇ ಗುರುತಿಸಿಟ್ಟ ಜಾಗ) ಹೆಸರು ಒತ್ತಿ ಹೊಲದ ಪಟ್ಟಿ ಕಳಿಸಿದರೆ ನೆಲಗುಬ್ಬಿ ನೀರಿನ ನಡುವೆ ಕಾಣಿಸುತ್ತದೆ. ಮೂರು, ತಂಡದಲ್ಲಿ ಒಬ್ಬರೇ ಪಟ್ಟಿ ಕಳಿಸಿ ಉಳಿದವರಿಗೆ ಹಂಚಿ. ಐವರೂ ಬೇರೆ ಬೇರೆ ಕಳಿಸಿದರೆ ಒಂದೇ ಬೆಳಗು ಐದಾಗುತ್ತದೆ. ನೀರುಹಕ್ಕಿ ಒಂದೂ ಇಲ್ಲದ ಕೆರೆಯ ಪಟ್ಟಿಯನ್ನು ನಾಚದೆ ಕಳಿಸಿ.

ಕೆಲ ದಿನಗಳ ಬಳಿಕ ‘ಈ ಹಕ್ಕಿಯನ್ನು ಹೇಗೆ ಗುರುತಿಸಿದಿರಿ?’ ಎಂದು ಪರಿಶೀಲಕರ ಮೇಲ್ ಬಂದರೆ ಗಾಬರಿ ಬೇಡ. ಅವರೂ ನಿಮ್ಮ ಹಾಗೆ ಸ್ವಯಂಸೇವಕರು. ಆ ಜಿಲ್ಲೆಯಲ್ಲಿ, ಆ ತಿಂಗಳಲ್ಲಿ ಅಪರೂಪದ ಹೆಸರೋ ದೊಡ್ಡ ಸಂಖ್ಯೆಯೋ ಬಂದಾಗ ಆ್ಯಪ್ ತಾನಾಗಿ ಗುರುತು ಹಾಕಿ ಅವರಿಗೆ ತೋರಿಸುತ್ತದೆ. ಕೊಕ್ಕು, ಕಾಲು, ಬಾಲ, ಹಾರಾಟ, ಎಷ್ಟು ದೂರದಿಂದ ಕಂಡದ್ದು, ಇಷ್ಟು ಬರೆದು ಕಳಿಸಿ. ಬರೆಯುತ್ತಾ ಕೂತಾಗ ನಿಮಗೇ ಅನುಮಾನ ಬಂದರೆ ಆ ಹೆಸರನ್ನು ‘ಯಾವುದೋ ಬಾತು’ ಎಂದು ತಿದ್ದಿ. ಸಂಖ್ಯೆ ಉಳಿಯುತ್ತದೆ, ನಷ್ಟವೇನೂ ಇಲ್ಲ.

ನೀವು ನಿಂತ ಜಾಗಗಳ ಗುರುತು ನೋಟ್‌ಬುಕ್ಕಿನಲ್ಲಿರಲಿ: ಏರಿಯ ಮೇಲಿನ ಮೂರನೇ ಬೇವು, ತೂಬಿನ ಬಲಕ್ಕೆ ಇಪ್ಪತ್ತು ಹೆಜ್ಜೆ ಎಂಬಷ್ಟು ವಿವರವಾಗಿ. ಏಷ್ಯದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿ ನಡೆಯುತ್ತದೆ, ಆ ಹೊತ್ತಿಗೆ ಕೆರೆ ಇಳಿದು ಕೆಸರಿನ ದಂಡೆ ತೆರೆದಿರುತ್ತದೆ. ಆಗ ಅದೇ ಬೇವಿನ ಕೆಳಗೆ, ಅದೇ ಹೊತ್ತಿಗೆ, ಅಷ್ಟೇ 15 ನಿಮಿಷ ನಿಲ್ಲಿ.